ಶಿವಬಸಮ್ಮನ ಸೊಸೆ ಓಡಿದ ಹತ್ತು ಕಿಲೋಮೀಟರ್

ಹೆಂಗಸಾದವಳು ಯಾವಾಗ ಓಡಬೇಕು ಎಂಬುದರ ಬಗ್ಗೆ ಶಿವಬಸಮ್ಮನಿಗೆ ಖಚಿತ ಅಭಿಪ್ರಾಯವಿತ್ತು. ಬಸ್ಸು ಹೊರಟು ನಿಂತಾಗ ಓಡಬಹುದು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದಾಗ ಮಳೆ ಬಂದರೆ ಓಡಬಹುದು. ಎಮ್ಮೆ ಹಗ್ಗ ಹರಿದುಕೊಂಡು ಮಂದಿಯ ಹೊಲಕ್ಕೆ ನುಗ್ಗಿದರಂತೂ ಓಡಲೇಬೇಕು. ಇಷ್ಟು ಬಿಟ್ಟು, ಹಿಂದೆ ಯಾರೂ ಅಟ್ಟಿಸಿಕೊಂಡು ಬರದೆ ಬೆಳಗ್ಗೆ ಎದ್ದು ಸುಮ್ಮನೆ ಓಡುವುದೆಂದರೆ ಅದು ತಲೆ ಕೆಟ್ಟವರ ಕೆಲಸ.

ಆಕೆಯ ಊರು ಯಾದಗಿರಿಯಿಂದ ಹತ್ತಿಕುಣಿ ಕಡೆ ಹೋಗುವಾಗ ಸಿಗುತ್ತದೆ. ಹೆಸರು ಬೇಡ. ಈ ಕಥೆಯಲ್ಲಿ ಶಿವಬಸಮ್ಮನ ಹೆಮ್ಮೆಯೂ ಇದೆ, ತಪ್ಪೂ ಇದೆ. ಹೆಮ್ಮೆಯನ್ನು ಆಕೆಯೇ ಓಣಿ ಓಣಿ ಹೇಳಿಕೊಂಡು ತಿರುಗುತ್ತಾಳೆ. ತಪ್ಪನ್ನು ಹೇಳುವ ಕೆಲಸ ನಮಗೆ ಬಿಟ್ಟಿದ್ದಾಳೆ.

ಆ ಊರಲ್ಲಿ ಈಗ ಸಕ್ಕರೆ ಕಾಯಿಲೆ ಹೊಗದ ಓಣಿ ಇಲ್ಲ. ಮೊದಲು ಅದನ್ನು ಪೇಟೆಯ ಸಾಹುಕಾರರ ಕಾಯಿಲೆ ಎನ್ನುತ್ತಿದ್ದರು. ಈಗ ನೀರು ನಲ್ಲಿಯಲ್ಲಿ ಬರುತ್ತದೆ, ಹಿಟ್ಟು ಗಿರಣಿಯಲ್ಲಿ ಆಗುತ್ತದೆ, ಹೊಲಕ್ಕೆ ಬೈಕಿನ ಮೇಲೆ ಹೋಗುತ್ತಾರೆ. ಸಾಹುಕಾರರ ಆಸ್ತಿ ಯಾರಿಗೂ ಬರಲಿಲ್ಲ, ಕಾಯಿಲೆ ಮಾತ್ರ ಎಲ್ಲರ ಮನೆಗೂ ಬಂತು.

ಶಿವಬಸಮ್ಮನ ಗಂಡ ಲಿಂಗಣ್ಣನಿಗೂ ಅದೇ ಕಾಯಿಲೆ ಇತ್ತು. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದ್ದು ಆತನಿಗೆ ಗೊತ್ತೇ ಆಗಲಿಲ್ಲ. ಗಾಯ ಕೊಳೆತು, ಕೊನೆಗೆ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಆಮೇಲೆ ಆರು ವರ್ಷ ಆತ ಹಗ್ಗದ ಹೊರಸಿನ ಮೇಲೆಯೇ ಮಲಗಿ ಕಳೆದ. ಉಳಿದ ಕಾಲಿಗಾದರೂ ಗಾಯವಾಗಬಾರದೆಂದು ದಿನಾ ತೊಳೆದು, ಒರೆಸಿ, ಮುಲಾಮು ಹಚ್ಚಿದವಳು ಶಿವಬಸಮ್ಮ. ಹೊರಸಿನಿಂದ ಹೊಸ್ತಿಲತನಕ ಬರಲು ಆತನಿಗೆ ಇಬ್ಬರ ಹೆಗಲು ಬೇಕಾಗುತ್ತಿತ್ತು. ಆತ ತೀರಿಕೊಂಡು ನಾಲ್ಕು ವರ್ಷವಾಗಿದೆ. ಈಗಲೂ ಸಕ್ಕರೆ ಎಂಬ ಮಾತು ಕಿವಿಗೆ ಬಿದ್ದರೆ ಆಕೆಯ ಎದೆ ಧಸಕ್ ಎನ್ನುತ್ತದೆ.

ಹೀಗಿರುವಾಗ ಫೆಬ್ರುವರಿಯಲ್ಲಿ ಊರಿನ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ನಡೆಯಿತು. ಮೂವತ್ತು ದಾಟಿದವರೆಲ್ಲ ಬನ್ನಿ ಎಂದು ಡಂಗುರ ಹೊಡೆಸಿದ್ದರು. ಶಿವಬಸಮ್ಮನ ಬೆರಳು ಚುಚ್ಚಿ ನೋಡಿದರು, ಏನೂ ಇರಲಿಲ್ಲ. ಸೊಸೆ ದಾನೇಶ್ವರಿಯ ಬೆರಳು ಚುಚ್ಚಿ ನೋಡಿದರು, ಇತ್ತು.

ದಾನೇಶ್ವರಿಗೆ ಆಗ ಮೂವತ್ತೆರಡು ವರ್ಷ. ಎರಡು ಮಕ್ಕಳ ತಾಯಿ. ಮನೆಯಲ್ಲೇ ಕೂತು ಊರಿನ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಾಳೆ. ಎರಡನೇ ಹೆರಿಗೆಯ ಹೊತ್ತಿಗೆ ಕಾಣಿಸಿಕೊಂಡು ಹೋಗಿದ್ದ ಸಕ್ಕರೆ ಈಗ ತಿರುಗಿ ಬಂದಿತ್ತು. ಯಾದಗಿರಿಯ ಡಾಕ್ಟರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದರು. ಏಳರೊಳಗೆ ಇರಬೇಕಾದ್ದು ಏಳು ಪಾಯಿಂಟ್ ಒಂಬತ್ತು ಬಂತು. ಗುಳಿಗೆ ಬರೆದುಕೊಟ್ಟರು. ಎದೆ, ಬಿ.ಪಿ. ನೋಡಿ, ಮೈಗೆ ವ್ಯಾಯಾಮ ಬೇಕೇ ಬೇಕು, ನಡೆಯಬಹುದು, ನಿಧಾನಕ್ಕೆ ಓಡಲೂಬಹುದು ಎಂದರು.

ಮರುದಿನ ಆರೋಗ್ಯ ಕೇಂದ್ರದ ಗುರುದೇವಿ ಮನೆಗೆ ಬಂದಳು. ಸುರಪುರದ ಕಡೆಯ ಹುಡುಗಿ. ಊರವರು ಆಕೆಯನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ತಾನೇ ದಿನಾ ಬೆಳಗ್ಗೆ ಶಾಲೆಯ ಮೈದಾನದಲ್ಲಿ ಓಡುವವಳು.

“ಗುಳಿಗಿ ತಪ್ಪಿಸಬ್ಯಾಡ ದಾನಕ್ಕ,” ಎಂದಳು ಗುರುದೇವಿ. “ಅದರ ಜೋಡಿ ಮುಂಜಾನಿ ಎದ್ದು ನನ್ನ ಕೂಡ ಬಾ. ಮೊದಲ ಒಂದು ವಾರ ನಡಿ. ಆಮ್ಯಾಲ ಒಂದು ನಿಮಿಷ ಓಡು, ಎರಡು ನಿಮಿಷ ನಡಿ. ಅಷ್ಟೇ.”

ಶಿವಬಸಮ್ಮ ಒಲೆಯ ಮುಂದಿನಿಂದಲೇ ಮಾತು ಹಾಕಿದಳು. “ದಿನಾ ಹೊಲಿಗಿ ಮಷಿನ್ ತುಳಿತಾಳಲ್ಲ ಯವ್ವಾ, ಕಾಲಿಗಿ ಅದು ಕೆಲಸ ಅಲ್ಲೇನು?”

“ಮಷಿನ್ನಿಗಿ ಮೋಟಾರ್ ಹಾಕಿಸೀರಿ. ಈಗ ತುಳಿಯಾಕತ್ತಿದ್ದು ಮೋಟಾರು, ಆಕಿ ಅಲ್ಲ.”

“ಮನಿಗೆಲಸ?”

“ಮನಿಗೆಲಸದಾಗ ದಣಿವು ಆಗ್ತದ್ರಿ, ಉಸುರು ಏರಂಗಿಲ್ಲ. ದಿನಾ ಒಂದಿಷ್ಟು ಹೊತ್ತು ಉಸುರು ಏರಬೇಕು. ಆವಾಗ ರಕ್ತದಾಗಿನ ಸಕ್ಕರಿ ಖರ್ಚ ಆಗ್ತದ.”

ಶಿವಬಸಮ್ಮ ಒಲೆಯ ಕಡೆ ತಿರುಗಿದಳು. ಗಂಡನ ಕಾಲು ನೆನಪಾಗಿ ಆಕೆಗೆ ಬೇಡ ಎನ್ನಲೂ ಧೈರ್ಯವಿರಲಿಲ್ಲ. ಹೂಂ ಎನ್ನಲೂ ಮನಸ್ಸಿರಲಿಲ್ಲ.

ದಾನೇಶ್ವರಿ ನಡೆಯತೊಡಗಿದಳು. ಎಂಟನೇ ದಿನ ಗುರುದೇವಿಯ ಹಿಂದೆ ಒಂದು ನಿಮಿಷ ಓಡಿದಳು. ಒಂದು ನಿಮಿಷಕ್ಕೇ ಎದೆ ಬಾಯಿಗೆ ಬಂತು. ಆದರೂ ಮನೆಗೆ ಬಂದು ನಗುತ್ತಿದ್ದಳು. ಆ ನಗುವನ್ನು ನೋಡಿ ಶಿವಬಸಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಒಪ್ಪಿಕೊಳ್ಳುವವಳಲ್ಲ ಆಕೆ.

ಎಡವಟ್ಟಾಗಿದ್ದು ಫಿಲ್ಟರ್ ನೀರಿನ ಪಾಳಿಯಲ್ಲಿ. ಕ್ಯಾನು ಹಿಡಿದು ನಿಂತಿದ್ದಾಗ ನೆರೆಮನೆಯ ಸುಗಲಮ್ಮ ಎಲ್ಲರಿಗೂ ಕೇಳುವಂತೆ ಕೇಳಿದಳು.

“ಶಿವಬಸವ್ವಕ್ಕ, ನಿಮ್ಮ ಸೊಸಿ ಯಾರ ಮ್ಯಾಲ ಸಿಟ್ಟಾಗಿ ದಿನಾ ಓಡಾಕತ್ತಾಳ? ಮನ್ಯಾಗ ಏನರ ಆಗ್ಯದೇನು?”

ಪಾಳಿಯಲ್ಲಿದ್ದವರು ನಕ್ಕರು. ಶಿವಬಸಮ್ಮನ ಮುಖಕ್ಕೆ ಹೊಡೆದಂತಾಯಿತು. ಸೊಸೆಗೆ ಸಕ್ಕರೆ ಇದೆ ಎಂದು ಹತ್ತು ಮಂದಿಯ ನಡುವೆ ಹೇಳಲು ನಾಲಿಗೆ ಏಳಲಿಲ್ಲ. ಆ ಕಡೆ ದಾರಿಯ ಮೇಲೆ ಹೊರಟ ಹೆಂಗಸು ಕೊಟ್ಟರೆ ಯಾರೂ ಮರುಪ್ರಶ್ನೆ ಕೇಳದ ಕಾರಣ ಒಂದೇ. ದೇವರಿಗೆ ಹೊರಟಿದ್ದೇನೆ ಎಂದರೆ ಯಾರೂ ತುಟಿ ಬಿಚ್ಚುವುದಿಲ್ಲ. ಅದೇ ಕಾರಣ ಆಕೆಯ ಬಾಯಿಗೆ ಬಂತು.

“ಹರಕಿ ಹೊತ್ತಾಳ,” ಎಂದುಬಿಟ್ಟಳು. “ಬರೋ ಸೋಮವಾರ ಅಬ್ಬೆತುಮಕೂರ ಮಠಕ್ಕ ಓಡಿ ಹೋಗಾಕಿ ಅದಾಳ. ಅದಕ್ಕ ರೂಢಿ ಮಾಡಾಕತ್ತಾಳ.”

ನಗು ನಿಂತಿತು. ಸುಗಲಮ್ಮ ಎರಡೂ ಕೈ ಜೋಡಿಸಿದಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಸುದ್ದಿ ಹಬ್ಬಿತ್ತು. ನಮ್ಮದೂ ಒಂದು ಕಾಯಿ ಒಡೆಸವ್ವ ಎಂದು ಏಳು ಮನೆಯಿಂದ ತೆಂಗಿನಕಾಯಿ ಬಂದವು. ನಡೆದು ಹೋಗುವವರು ಪ್ರತಿ ವರ್ಷ ಹೋಗುತ್ತಾರೆ, ಓಡಿ ಹೋಗುವವಳನ್ನು ಅವರು ಕಂಡಿರಲಿಲ್ಲ.

ದಾನೇಶ್ವರಿ ಕಾಯಿಗಳನ್ನೂ ಅತ್ತೆಯ ಮುಖವನ್ನೂ ನೋಡಿದಳು. “ಅತ್ತಿ, ಮಠ ಒಂಬತ್ತು ಕಿಲೋಮೀಟರ್ ಅದ. ನಾ ಇನ್ನ ಒಂದು ನಿಮಿಷ ಓಡಾದು ಕಲಿಯಾಕತ್ತೀನಿ.”

“ದೇವರ ಕೆಲಸ ಅದು. ಕಾಲು ತಾವೇ ಎಳ್ಕೊಂಡು ಹೋಗ್ತಾವ.”

ಮಗ ಸಂಗಮನಾಥ ಬೇಳೆ ಮಿಲ್ಲಿನ ಕೆಲಸ ಮುಗಿಸಿ ಬಂದವನು ತಲೆ ಕೆರೆದುಕೊಂಡ. “ಯವ್ವ, ಸಿಸ್ಟರ್‌ಗ ಒಂದು ಮಾತು ಕೇಳೂನೇನು?”

“ದೇವರಿಗಿ ಹೋಗಾಕ ದವಾಖಾನಿ ಪರ್ಮಿಶನ್ ಬೇಕೇನು?” ಎಂದಳು ಶಿವಬಸಮ್ಮ.

ಸೋಮವಾರ ಬೆಳಗ್ಗೆ ದಾನೇಶ್ವರಿ ತಲೆಸ್ನಾನ ಮಾಡಿದಳು. ಹರಕೆ ಎಂದ ಮೇಲೆ ಬರಿಗಾಲು. ಸೋಮವಾರ ಎಂದ ಮೇಲೆ ಉಪವಾಸ. ಗುಳಿಗೆ ತಪ್ಪಿಸಬೇಡ ಎಂದು ಗುರುದೇವಿ ಹೇಳಿದ್ದು ನೆನಪಿತ್ತು, ಅದನ್ನೂ ನುಂಗಿದಳು. ಹೀಗೆ ಎಲ್ಲರ ಮಾತನ್ನೂ ಕೇಳಿ, ಹೊಟ್ಟೆಗೆ ಒಂದು ತುತ್ತೂ ಇಲ್ಲದೆ, ಮಾರ್ಚ್ ತಿಂಗಳ ಬಿಸಿಲು ಏರುತ್ತಿದ್ದಂತೆ ಮನೆಯಿಂದ ಹೊರಟಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ನೋಡುವವರು ಇದ್ದಾರೆ ಎಂದು ಆಕೆ ಮೊದಲ ಹೆಜ್ಜೆಯಿಂದಲೇ ಜೋರಾಗಿ ಓಡಿದಳು.

ಒಂಬತ್ತು ಗಂಟೆಗೆ ಆಟೋದ ವಹಾಬ ಆಕೆಯನ್ನು ತಿರುಗಿ ಊರಿಗೆ ಕರೆತಂದ. ನಾಲ್ಕನೇ ಕಿಲೋಮೀಟರಿನ ಹತ್ತಿರ ರಸ್ತೆಯ ಪಕ್ಕ ಬೇವಿನ ಗಿಡಕ್ಕೆ ಒರಗಿ ಕುಳಿತಿದ್ದಳಂತೆ. ಮೈ ಬೆವೆತು ತಣ್ಣಗಾಗಿತ್ತು, ಕೈ ನಡುಗುತ್ತಿದ್ದವು, ಮಾತು ತೊದಲುತ್ತಿತ್ತು.

“ಅಮ್ಮಾ, ನಾ ಹೆಸರು ಕೇಳಿದ್ರ ಆಕಿಗಿ ತನ್ನ ಹೆಸರು ಹೇಳಾಕ ಬರಲಿಲ್ಲ,” ಎಂದ ಮನೆ ಬಾಗಿಲಿಗೆ ಬಂದ ವಹಾಬ. “ಸೀದಾ ಸಿಸ್ಟರ್ ಹತ್ರ ಒಯ್ದೀನಿ. ನೀವು ಬರ್ರಿ.”

ಶಿವಬಸಮ್ಮ ಚಪ್ಪಲಿ ಮೆಟ್ಟದೆ ಆರೋಗ್ಯ ಕೇಂದ್ರಕ್ಕೆ ಓಡಿದಳು. ಎಪ್ಪತ್ತರ ಕೆಳಗೆ ಇಳಿಯಬಾರದ ಸಕ್ಕರೆ ದಾನೇಶ್ವರಿಗೆ ಐವತ್ತನಾಲ್ಕಕ್ಕೆ ಇಳಿದಿತ್ತು. ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದ ಕಾರಣ ಗುರುದೇವಿ ಸಕ್ಕರೆ ನೀರು ಕುಡಿಸಿದ್ದಳು. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿದ್ದು ನೋಡಿ ಬಿಸ್ಕತ್ತು ತಿನ್ನಿಸಿದಳು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೂರೆಂಟು ಆಂಬ್ಯುಲೆನ್ಸಿಗೆ ಫೋನು ಮಾಡಬೇಕಾಗಿತ್ತು ಎಂದು ವಹಾಬನಿಗೂ ತಿಳಿಸಿ ಹೇಳಿದಳು.

ಆಮೇಲೆ ದಾನೇಶ್ವರಿಯ ಅಂಗಾಲು ಕಂಡಿತು. ಎರಡೂ ಕಾಲಿಗೆ ಗುಳ್ಳೆ ಎದ್ದು ಒಡೆದಿದ್ದವು. ಎಡ ಹಿಮ್ಮಡಿಯಲ್ಲಿ ಒಂದು ಮುಳ್ಳು ಮುರಿದು ಉಳಿದಿತ್ತು.

ಗುರುದೇವಿ ಮುಳ್ಳು ತೆಗೆದಳು. ಕಾಲು ತೊಳೆಯಲು ಶಿವಬಸಮ್ಮನೇ ಕೂತಳು. ಉಗುರು ಬೆಚ್ಚಗಿನ ನೀರು, ಬೆರಳ ಸಂದಿ, ಒತ್ತದೆ ಒರೆಸುವುದು. ಆರು ವರ್ಷ ಮಾಡಿದ ಕೆಲಸ ಕೈಗೆ ಮರೆತಿರಲಿಲ್ಲ. ಅರ್ಧ ತೊಳೆದವಳು ನಿಲ್ಲಿಸಿಬಿಟ್ಟಳು. ಗಂಡನ ಕಾಲನ್ನು ಉಳಿಸಲಾಗಲಿಲ್ಲ ಎಂಬ ದುಃಖ ಒಂದು ಕಡೆ. ಸೊಸೆಯ ಕಾಲಿಗೆ ತಾನೇ ಮುಳ್ಳು ಚುಚ್ಚಿಸಿದೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಸಿಸ್ಟರ್, ಇದು ನಾ ಮಾಡಿದ್ದು. ಮಂದಿ ಬಾಯಿ ಮುಚ್ಚಸಾಕ ಹರಕಿ ಅಂದೆ. ಆಕಿ ಹೊತ್ತೇ ಇಲ್ಲ.”

ಗುರುದೇವಿ ಬೈಯಲಿಲ್ಲ. ಬೈದಿದ್ದರೆ ಶಿವಬಸಮ್ಮನಿಗೆ ಹಗುರಾಗುತ್ತಿತ್ತು.

“ಹರಕಿ ಹೊರೋದು ತಪ್ಪಲ್ಲ ಯವ್ವಾ,” ಎಂದಳು. “ಹೊತ್ತಾಕಿ ನೀವು, ಓಡಿದಾಕಿ ಆಕಿ. ಅದು ತಪ್ಪು. ಸಕ್ಕರಿ ಗುಳಿಗಿ ತಗೊಂಡು ಉಪಾಸ ಓಡಬಾರದು. ಸಕ್ಕರಿ ಇದ್ದವ್ರು ಬರಿಗಾಲಿಲೆ ಓಡಲೇಬಾರದು, ಯಾಕಂತ ನಿಮಗ ನಾ ಹೇಳಬೇಕೇನು? ಇನ್ನೊಂದು, ಓಟ ಒಂದು ದಿನದಾಗ ತೀರಿಸೋ ಕೆಲಸ ಅಲ್ಲ. ಕೂಸಿಗಿ ಮೊದಲನೇ ದಿನ ರೊಟ್ಟಿ ತಿನಸ್ತೀರೇನು?”

“ಇಲ್ಲ.”

“ಹಂಗೇ ಇದು.”

ಆ ಸಂಜೆ ಶಿವಬಸಮ್ಮ ಏಳು ತೆಂಗಿನಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡು ಏಳು ಮನೆಗೂ ಹೋದಳು. ಕೊನೆಗೆ ಸುಗಲಮ್ಮನ ಬಾಗಿಲು. “ಹರಕಿ ನನ್ನದು, ಸೊಸಿದಲ್ಲ,” ಎಂದಳು. “ನಾ ಸುಳ್ಳು ಹೇಳಿದೆ. ಆಕಿಗಿ ಸಕ್ಕರಿ ಅದ. ಅದಕ್ಕ ಓಡಾಕತ್ತಾಳ. ಹರಕಿ ನಾನೇ ತೀರಸ್ತೀನಿ, ನಡಕೋತ.”

ಸುಗಲಮ್ಮ ನಗುತ್ತಾಳೆ ಎಂದುಕೊಂಡಿದ್ದಳು. ಸುಗಲಮ್ಮ ಆಚೀಚೆ ನೋಡಿ ದನಿ ತಗ್ಗಿಸಿದಳು. “ಅಕ್ಕ, ನನಗೂ ಸಕ್ಕರಿ ಅದ. ಎರಡು ವರ್ಷ ಆತು. ಮನ್ಯಾಗ ಬಿಟ್ರ ಯಾರಿಗೂ ಹೇಳಿಲ್ಲ.”

ದಾನೇಶ್ವರಿಯ ಕಾಲು ಮಾಯಲು ಐದು ವಾರ ಬೇಕಾಯಿತು. ಅಷ್ಟು ದಿನ ಗುರುದೇವಿ ಓಡಲು ಬಿಡಲಿಲ್ಲ. ಡಾಕ್ಟರಿಗೆ ಮತ್ತೆ ತೋರಿಸಿಕೊಂಡು ಬಂದ ಮೇಲೆ, ಏಪ್ರಿಲ್ ಮಧ್ಯದಲ್ಲಿ ಮೊದಲಿನಿಂದ ಶುರುವಾಯಿತು. ಸಂಗಮನಾಥ ಯಾದಗಿರಿಗೆ ಕರೆದುಕೊಂಡು ಹೋಗಿ ಮೆತ್ತನೆಯ ಬೂಟು ಕೊಡಿಸಿದ. ಬೆರಳಿಗೆ ಒತ್ತದ ಹಾಗೆ ಒಂದಿಷ್ಟು ಸಡಿಲವೇ ತೆಗೆದುಕೊಂಡರು. ಹೊಲಿಗೆ ಬಲ್ಲವಳಾದ್ದರಿಂದ ಚೂಡಿದಾರ ತಾನೇ ಹೊಲಿದುಕೊಂಡಳು. ಬೆಳಗಿನ ಚಹಾ ಮತ್ತು ಮಕ್ಕಳನ್ನು ಎಬ್ಬಿಸುವ ಕೆಲಸ ಸಂಗಮನಾಥನ ಪಾಲಿಗೆ ಬಂತು. ಚಹಾ ಮಾತ್ರ ಇವತ್ತಿಗೂ ಅಷ್ಟಕ್ಕಷ್ಟೆ.

ಓಡುವುದು ವಾರಕ್ಕೆ ಮೂರೇ ದಿನ, ಒಂದು ದಿನ ಬಿಟ್ಟು ಒಂದು ದಿನ. ಹೊರಡುವ ಮೊದಲು ಅರ್ಧ ರೊಟ್ಟಿಯೋ ಬಾಳೆಹಣ್ಣೋ ತಿನ್ನಬೇಕು. ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇರಬೇಕು. ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಬೇಕು. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಬೇಕು.

“ಎಷ್ಟು ಜೋರ ಓಡಬೇಕ್ರಿ?” ಎಂದು ದಾನೇಶ್ವರಿ ಕೇಳಿದ್ದಕ್ಕೆ ಗುರುದೇವಿ ಹೇಳಿದ್ದಿಷ್ಟು: “ಓಡಾಕತ್ತಾಗ ಮಾತಾಡಾಕ ಬರಬೇಕು. ಮಾತು ಕಡಿದ್ರ ಜೋರ ಆತು ಅಂತ ತಿಳಕೋ.”

ಮಾತಾಡಿಸುವ ಕೆಲಸವನ್ನು ಶಿವಬಸಮ್ಮ ವಹಿಸಿಕೊಂಡಳು. ಇದನ್ನು ಆಕೆಯಷ್ಟು ಚೆನ್ನಾಗಿ ಆ ಊರಲ್ಲಿ ಯಾರೂ ಮಾಡಲಾರರು. ಆಕೆಯೂ ದಿನಾ ಶಾಲೆಯ ಮೈದಾನಕ್ಕೆ ಬಂದು ನಡೆಯತೊಡಗಿದಳು, ಹೇಗೂ ತನ್ನ ಹರಕೆ ಬಾಕಿ ಇತ್ತು. ಸೊಸೆ ಸುತ್ತು ಹಾಕಿ ಎದುರಾದಾಗಲೆಲ್ಲ ಒಂದು ಪ್ರಶ್ನೆ ಒಗೆಯುವಳು.

“ದಾನಮ್ಮ, ಇವತ್ತ ಪಲ್ಯಾ ಏನ್ ಮಾಡೂನು?”

“ಹೆಸರುಕಾಳು ನೆನಿ ಹಾಕೀನ್ರಿ ಅತ್ತಿ, ಅದನ್ನೇ ಮಾಡೂನು.”

ಪೂರ್ತಿ ಉತ್ತರ ಬಂದರೆ ಓಟ ಸರಿ ಇದೆ ಎಂದು ಅರ್ಥ. ಒಂದು ದಿನ ಬರೇ “ಪುಂಡಿ” ಎಂದಳು, ಪುಂಡಿಸೊಪ್ಪಿನ ಪಲ್ಯ ಎಂದು ಪೂರ್ತಿ ಹೇಳಲು ಉಸಿರು ಸಾಲಲಿಲ್ಲ. ಶಿವಬಸಮ್ಮ ಕೈ ಅಡ್ಡ ಹಿಡಿದಳು. “ನಿಲ್ಲು. ಈಗ ನಡಿ. ಪಲ್ಯಾ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಮೊದಲು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಎರಡನೇ ವಾರ ಎರಡು ನಿಮಿಷ ಓಟ. ಆಮೇಲೆ ಮೂರು, ಆಮೇಲೆ ಐದು. ಐದರ ಹತ್ತಿರ ಗಾಡಿ ನಿಂತುಹೋಯಿತು. ಎರಡು ವಾರವಾದರೂ ಆರನೇ ನಿಮಿಷ ದಾಟಲಾಗಲಿಲ್ಲ. ದಾನೇಶ್ವರಿ ಮೈದಾನದ ಕಟ್ಟೆಯ ಮೇಲೆ ಕೂತುಬಿಟ್ಟಳು.

“ನನ್ನ ಕೈಲೆ ಇಷ್ಟೇ ಆಗ್ತದ ಏನೋ ಅತ್ತಿ.”

ಶಿವಬಸಮ್ಮ ಪಕ್ಕದಲ್ಲಿ ಕೂತು ಮೊಣಕಾಲು ತಿಕ್ಕಿಕೊಂಡಳು. “ನೀ ಹೊಸದಾಗಿ ಬಂದಾಗ ಕೊರಳು ಕತ್ತರಿಸಿದ ಮೊದಲನೇ ಜಂಪರ್ ನಂದೇ. ನೆನಪದೇನು? ಒಂದು ತೋಳು ಮ್ಯಾಲ, ಒಂದು ತೋಳು ಕೆಳಗ. ನಾ ಅದನ್ನ ಹಾಕ್ಕೊಂಡು ಮದುವಿಗಿ ಹೋಗೀನಿ. ಈಗ ಶಹಾಪುರದಿಂದ ಬಂದು ಹೊಲಿಸ್ಕೊಂಡು ಹೋಗ್ತಾರ. ಇನ್ನೊಂದು ವಾರ ಐದೇ ನಿಮಿಷ ಓಡು. ಯಾರು ಬೆನ್ನು ಹತ್ಯಾರ ನಿಂಗ?”

ಇನ್ನೊಂದು ವಾರ ಐದೇ ನಿಮಿಷ ಓಡಿದಳು. ಅದರ ಮುಂದಿನ ವಾರ ಎಂಟಾಯಿತು. ಜುಲೈ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ನಡುವೆ ನಿಲ್ಲದೆ ಓಡಿದಳು. ಆ ದಿನ ಶಿವಬಸಮ್ಮ ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು, ಕೇಳದವರನ್ನು ನಿಲ್ಲಿಸಿ ಹೇಳಿದಳು.

ಶ್ರಾವಣದ ಮೂರನೇ ಸೋಮವಾರ ಶಿವಬಸಮ್ಮ ತನ್ನ ಹರಕೆ ತೀರಿಸಿದಳು. ಚಪ್ಪಲಿ ಹಾಕಿಕೊಂಡು, ಬೆಳಗ್ಗೆ ಬೇಗ ಹೊರಟು, ಮೂರು ಕಡೆ ಕೂತು ಸುಧಾರಿಸಿಕೊಂಡು ಅಬ್ಬೆತುಮಕೂರು ತಲುಪಿದಳು. ಐವತ್ತೆಂಟರ ಹೆಂಗಸು, ಏಪ್ರಿಲಿನಲ್ಲಿ ಮೈದಾನಕ್ಕೆ ಎರಡು ಸುತ್ತು ಹಾಕಿದರೆ ಕಟ್ಟೆ ಹುಡುಕುತ್ತಿದ್ದವಳು. ಜೊತೆಗೆ ಸುಗಲಮ್ಮನೂ ನಡೆದಿದ್ದಳು, ತಿಂಡಿ ತಿಂದು, ಗುಳಿಗೆ ತೆಗೆದುಕೊಂಡು.

ಸೆಪ್ಟೆಂಬರಿನಲ್ಲಿ ಮತ್ತೆ ಮೂರು ತಿಂಗಳ ಸರಾಸರಿಯ ಪರೀಕ್ಷೆಯಾಯಿತು. ಆರು ಪಾಯಿಂಟ್ ಏಳು. ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿ ಗುಳಿಗೆ ಕಡಿಮೆ ಮಾಡಿದರು. ಪೂರ್ತಿ ಬಿಡಬಹುದೇ ಎಂದು ಶಿವಬಸಮ್ಮ ಕೇಳಿದಳು. ಅದನ್ನು ನಾನು ಹೇಳಿದಾಗ ಬಿಡಬೇಕು, ನೀವಾಗಿ ಬಿಡಬಾರದು ಎಂದರು.

ಅಷ್ಟರಲ್ಲಿ ದಾನೇಶ್ವರಿ ಐದು ಕಿಲೋಮೀಟರ್ ಮುಟ್ಟಿದ್ದಳು. ಈಗ ಆಕೆಗೇ ಆಸೆ ಹುಟ್ಟಿತು. “ಸಿಸ್ಟರ್, ಹತ್ತು ಆಗ್ತದೇನ್ರಿ?”

“ಆಗ್ತದ. ಆದ್ರ ನಾಳಿಗಿ ಆಗಂಗಿಲ್ಲ. ವಾರದಾಗ ಎರಡು ದಿನ ಸಣ್ಣ ಓಟ ಹಂಗೇ ಇರಲಿ. ಭಾನುವಾರದ ಓಟಕ್ಕ ಮಾತ್ರ ಅರ್ಧ ಕಿಲೋಮೀಟರ್ ಕೂಡಿಸು. ಮೂರು ವಾರ ಏರಿಸು, ನಾಲ್ಕನೇ ವಾರ ಇಳಿಸು. ಮೈಗೂ ಒಂದು ಭಾನುವಾರ ಬೇಕು.”

ಡಿಸೆಂಬರಿನಲ್ಲಿ ಯಾದಗಿರಿಯಲ್ಲಿ ಒಂದು ಸಂಘದವರು ಆರೋಗ್ಯಕ್ಕಾಗಿ ಓಟ ಏರ್ಪಡಿಸಿದರು. ಹತ್ತು ಕಿಲೋಮೀಟರ್. ಶಹಾಪುರ, ಸುರಪುರದಿಂದ ಹುಡುಗರು ಬಂದಿದ್ದರು. ಅರವತ್ತು ಮಂದಿಯಲ್ಲಿ ಹೆಂಗಸರು ಐದೇ. ಒಂದೂವರೆ ಗಂಟೆಯೊಳಗೆ ಮುಗಿಸಬೇಕು ಎಂದಿದ್ದರು. ದಾನೇಶ್ವರಿಗೆ ಬೂಟಿನ ದಾರ ಬಿಗಿದು, ಜೇಬು ಮುಟ್ಟಿ ನೋಡಿ, ಶಿವಬಸಮ್ಮ ಓಟ ಮುಗಿಯುವ ಕಡೆ ಹೋಗಿ ಕೂತಳು. ಗುರುದೇವಿ ನಡುದಾರಿಯ ನೀರಿನ ಮೇಜಿನ ಹತ್ತಿರ ನಿಂತಿದ್ದಳು.

ಹುಡುಗರು ಬಂದರು. ಗಂಡಸರು ಬಂದರು. ನಾಲ್ವರು ಹೆಂಗಸರು ಬಂದರು. ಒಂದೂವರೆ ಗಂಟೆಯಾಯಿತು. ದಾನೇಶ್ವರಿ ಬರಲಿಲ್ಲ.

ಶಿವಬಸಮ್ಮ ರಸ್ತೆಯ ತಿರುವಿನತ್ತಲೇ ನೋಡುತ್ತಿದ್ದಳು. ಎಲ್ಲಿ ಕೂತಿದ್ದಾಳೋ, ಯಾವ ಗಿಡಕ್ಕೆ ಒರಗಿದ್ದಾಳೋ. ತನ್ನ ಹೆಸರು ಹೇಳಲು ಬರುತ್ತಿದೆಯೋ ಇಲ್ಲವೋ. ಸಂಗಮನಾಥ ಗುರುದೇವಿಗೆ ಫೋನು ಹಚ್ಚಿದ, ಸಿಗಲಿಲ್ಲ. ಬೈಕು ತರಲು ಹೋದ. ಅಷ್ಟರಲ್ಲಿ ಸಂಘದ ಬಿಳಿ ಟೋಪಿಯ ಇಬ್ಬರು ಹುಡುಗರು ಬಂದು ಓಟದ ಕೊನೆಗೆ ಕಟ್ಟಿದ್ದ ಬಟ್ಟೆಯ ಕಮಾನಿನ ಹಗ್ಗ ಬಿಚ್ಚತೊಡಗಿದರು.

ಶಿವಬಸಮ್ಮ ಎದ್ದಳು. ಕುರ್ಚಿ ಎತ್ತಿಕೊಂಡು ಹೋಗಿ ಕಮಾನಿನ ನಡುವೆ ಹಾಕಿ ಕೂತಳು.

“ಅಮ್ಮಾರ, ಟೈಮ್ ಮುಗೀತ್ರಿ,” ಎಂದ ಒಬ್ಬ.

“ನಿಮ್ಮ ಟೈಮ್ ಮುಗಿದದ. ನನ್ನ ಸೊಸಿದು ಇನ್ನ ನಡದದ.”

“ಬಹುಮಾನ ಎಲ್ಲ ಕೊಟ್ಟೀವ್ರಿ.”

“ಬಹುಮಾನ ಯಾರಿಗಿ ಬೇಕು ತಮ್ಮಾ? ಆಕಿ ಬರೋತನ ಇದು ನಿಂತಿರಲಿ. ನಾ ಕೈ ಮುಗೀತೀನಿ.” ಕುರ್ಚಿಯಲ್ಲಿ ಕೂತೇ ಎರಡೂ ಕೈ ಜೋಡಿಸಿದಳು. ಹುಡುಗರು ಮುಖ ಮುಖ ನೋಡಿಕೊಂಡು ಹಗ್ಗವನ್ನು ಮತ್ತೆ ಕಟ್ಟಿದರು.

ಐದು ನಿಮಿಷ ಕಳೆಯಿತು. ಏಳು ನಿಮಿಷವಾಯಿತು. ರಸ್ತೆಯ ತಿರುವಿನಲ್ಲಿ ಹಳದಿ ಚೂಡಿದಾರ ಕಂಡಿತು. ನಿಧಾನ, ಆದರೆ ಓಟವೇ. ಹಿಂದೆ ದೂರದಲ್ಲಿ ಗುರುದೇವಿ ಬರುತ್ತಿದ್ದಳು. ಶಿವಬಸಮ್ಮ ಕುರ್ಚಿ ಸರಿಸಿ ಎದ್ದು ನಿಂತಳು. ದಾನೇಶ್ವರಿ ಕಮಾನು ದಾಟಿದಳು. ಒಂದು ಗಂಟೆ ಮೂವತ್ತೆಂಟು ನಿಮಿಷ. ಎಲ್ಲರಿಗಿಂತ ಕೊನೆ.

“ಏನಾಗಿತ್ತು?” ಎಂದಳು ಶಿವಬಸಮ್ಮ, ಸೊಸೆಯ ಎರಡೂ ತೋಳು ಹಿಡಿದು.

“ಏಳನೇ ಕಿಲೋಮೀಟರಿಗಿ ಕೈ ನಡಗಿದ್ವು ಅತ್ತಿ. ತಕ್ಷಣ ನಿಂತೆ. ಗ್ಲೂಕೋಸ್ ತಿಂದೆ. ನೀರಿನ ಮೇಜಿನಿಂದ ಸಿಸ್ಟರ್ ಬಂದು ಚುಚ್ಚಿ ನೋಡಿದ್ರು. ಸರಿ ಆದಮ್ಯಾಲ ಮೊದಲ ನಡದೆ, ಆಮ್ಯಾಲ ಓಡಿದೆ. ಮಂದಿ ಮುಂದ ಹೋದ್ರು, ಹೋಗ್ಲಿ ಅಂದೆ.”

ಗೆದ್ದು ಬಂದಿದ್ದರೂ ಶಿವಬಸಮ್ಮನಿಗೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ. ಮಾರ್ಚಿನಲ್ಲಿ ನೋಡುವವರಿದ್ದಾರೆಂದು ಓಡಿದ್ದ ಹುಡುಗಿ ಇವತ್ತು ಅರವತ್ತು ಮಂದಿ ನೋಡುತ್ತಿದ್ದರೂ ನಿಂತಿದ್ದಳು. ನಿಂತದ್ದರಿಂದಲೇ ಬಂದು ತಲುಪಿದ್ದಳು.

ಅಷ್ಟರಲ್ಲಿ ಸುಗಲಮ್ಮನ ಫೋನು ಬಂತು. ಊರಲ್ಲಿ ಎಲ್ಲರೂ ಕಾಯುತ್ತಿದ್ದರು. “ಎಷ್ಟನೇದಾಕಿ ಬಂದಳು ಅಕ್ಕ?”

“ಕಡಿಗಿ ಬಂದಾಳ,” ಎಂದಳು ಶಿವಬಸಮ್ಮ, ಕಮಾನಿನ ಹುಡುಗರಿಗೂ ಕೇಳುವಷ್ಟು ಗಟ್ಟಿಯಾಗಿ. “ನಮ್ಮ ಮನಿಯಾಗ ಹೊರಸಿನಿಂದ ಹೊಸ್ತಿಲಕ್ಕ ಬರಾಕ ಇಬ್ಬರ ಹೆಗಲು ಬೇಕಾಗಿತ್ತವ್ವ. ಈಕಿ ಹತ್ತು ಕಿಲೋಮೀಟರ್ ತನ್ನ ಎರಡೂ ಕಾಲಮ್ಯಾಲ ಬಂದಾಳ.”

“ಮುಂದ ಎಷ್ಟು ಓಡಸ್ತಿ?”

“ಅದು ನಾ ಹೇಳಾದಲ್ಲ. ಕಾಲು ಆಕಿವು. ಆಕಿನ್ನೇ ಕೇಳು,” ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟಳು.

ದಾನೇಶ್ವರಿ ಉಸಿರು ಸುಧಾರಿಸಿಕೊಂಡು ಹೇಳಿದಳು. “ಇಪ್ಪತ್ತೊಂದು ಕಿಲೋಮೀಟರ್ ಓಡೋ ಆಸೆ ಅದ ಸುಗಲಕ್ಕ. ಬರೋ ವರ್ಷ ಅಲ್ಲ, ಅದರ ಮುಂದಿನ ವರ್ಷ. ನೀ ನಾಳಿಂದ ಮೈದಾನಕ್ಕ ಬಾ, ನಿಂದು ಒಂದು ನಿಮಿಷದಿಂದ ಶುರು ಮಾಡೂನು.”

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಮೂವತ್ತು ದಾಟಿದ್ದರೆ ಈ ವಾರವೇ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಬೆರಳು ಕೊಡಿ. ಸಕ್ಕರೆ, ಬಿ.ಪಿ. ಅಥವಾ ಎದೆಯ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಓಟ ಶುರು ಮಾಡಿ. ಇದೆ ಎಂದು ಹೇಳಿಕೊಳ್ಳಲು ನಾಚಬೇಡಿ, ಪಕ್ಕದ ಮನೆಯಲ್ಲೂ ಇದ್ದೀತು. ಬರಿಗಾಲು ಬೇಡ, ಬರಿಹೊಟ್ಟೆ ಬೇಡ, ಮಂದಿಗೆ ತೋರಿಸುವ ಓಟವಂತೂ ಬೇಡವೇ ಬೇಡ. ಹತ್ತು ಕಿಲೋಮೀಟರ್ ಎಲ್ಲಿಗೂ ಹೋಗುವುದಿಲ್ಲ, ನಿಮಗಾಗಿ ಅಲ್ಲೇ ಇರುತ್ತದೆ. ಅಲ್ಲಿಗೆ ಹೋಗಲು ನಿಮ್ಮ ಕಾಲು ಇರಬೇಕು. ನಾಳೆ ಬೆಳಗ್ಗೆ ಎರಡು ನಿಮಿಷ ನಡೆಯಿರಿ, ಒಂದು ನಿಮಿಷ ಓಡಿರಿ.